ಬೀದಿಯ ಬದಿ ಯಾರ ಸ್ವತ್ತು?

ಹಾಸನದಿಂದ ಮೈಸೂರಿಗೆ ಹೋಗುವ ಹೆದ್ದಾರಿ ಹೊಳೆನರಸೀಪುರದ ಮೇಲೆ ಹಾದುಹೋಗುತ್ತದೆ. ದೂರದ ಲಾರಿ, ಹಳ್ಳಿಯ ಬಸ್ಸು, ಕಾಲ್ನಡೆಯ ಜನ, ಎಲ್ಲರಿಗೂ ರಸ್ತೆ ಬೇಕು. ಈ ಊರಿನಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, ರಸ್ತೆ ಕಟ್ಟಿತೆಂಬ ಕೂಗೆದ್ದರೆ ಮೊದಲು ಕಣ್ಣಿಗೆ ಬೀಳುವವನು ತಳ್ಳುಗಾಡಿಯವನು. ಬೆಳಗಿನಿಂದ ಸಂಜೆಯವರೆಗೆ ನಿಂತ ಕಾರನ್ನು ಕೇಳುವವರಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಕಾರು ನಿಲ್ಲಲು ಸುಮಾರು 5 ಮೀಟರು ಉದ್ದ, 2.5 ಮೀಟರು ಅಗಲದ ಜಾಗ ಬೇಕು. 9 ಮೀಟರು ಅಗಲದ ರಸ್ತೆಯ ಎರಡು ಬದಿಗೂ ಕಾರುಗಳು ಉದ್ದಕ್ಕೆ ಸಾಲಾಗಿ ನಿಂತರೆ ನಡುವೆ ಉಳಿಯುವುದು 4 ಮೀಟರು. ಎದುರುಬದುರಾದ ಎರಡು ಬಸ್ಸುಗಳು ಅಲ್ಲಿ ದಾಟಲಾರವು. ಒಂದೇ ಬದಿಗೆ ನಿಂತರೆ 6.5 ಮೀಟರು ಉಳಿದು ಎರಡೂ ಸಾಗುತ್ತವೆ. ಅಂಗಡಿಯ ಕಡೆ ಮುಖಮಾಡಿ ಅಡ್ಡಲಾಗಿ ನಿಲ್ಲಿಸಿದರೆ ಹೆಚ್ಚು ಕಾರು ಹಿಡಿಯುತ್ತವೆ, ನಿಜ. ಆದರೆ ಒಂದು ಬದಿಯಲ್ಲಿಯೇ 5 ಮೀಟರು ಹೋಯಿತು. ಮೇಲಾಗಿ, ಹೊರಡುವ ಕಾರು ಹಿಂದಕ್ಕೆ ಸರಿಯುವಾಗ ಬಂದವರೆಲ್ಲ ಕಾಯಬೇಕು.

ರಸ್ತೆ ಅಗಲ ಮಾಡಿ ಎನ್ನುವವರುಂಟು. ಅಗಲ ಮಾಡುವುದೆಂದರೆ ಸಣ್ಣ ಅಂಗಡಿಗಳ ಗೋಡೆ ಬೀಳುವುದು. ನಿಲ್ಲುವ ಕ್ರಮ ತಿದ್ದದಿದ್ದರೆ, ಹಾಗೆ ಬಂದ ಅಗಲವನ್ನೂ ನಿಂತ ಕಾರೇ ನುಂಗುತ್ತದೆ.

ಕಟ್ಟುಪಾಡು ಬಂದರೆ ಗಿರಾಕಿ ಬಾರನೆಂದು ವರ್ತಕ ಮಿತ್ರರು ಅಂಜಬೇಕಾಗಿಲ್ಲ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಒಂದೇ ಕಾರು ನಿಂತರೆ ಆ ಜಾಗದಿಂದ ಬಂದ ಗಿರಾಕಿ ಒಬ್ಬನೇ. ಎಷ್ಟೋ ವೇಳೆ ಅದು ಅಂಗಡಿ ಯಜಮಾನರದೇ ಕಾರು! ಅರ್ಧ ಗಂಟೆಯ ಮಿತಿ ಇಟ್ಟರೆ ಅದೇ ಜಾಗಕ್ಕೆ 18 ಜನರ ಸರದಿ. ಅದನ್ನೇ ದ್ವಿಚಕ್ರ ವಾಹನಗಳಿಗೆ ಬಿಟ್ಟರೆ ಏಕಕಾಲಕ್ಕೆ ಐದು ನಿಲ್ಲಬಹುದು.

ಕಾನೂನಿಗೆ ಕೊರತೆಯಿಲ್ಲ. ವಾಹನ ನಿಲ್ಲುವ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡಲು 1988ರ ಮೋಟಾರು ವಾಹನ ಕಾಯಿದೆಯ 117ನೆಯ ಕಲಮು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸಕೂಡದೆಂದು 2014ರ ಬೀದಿ ವ್ಯಾಪಾರಿಗಳ ಕಾಯಿದೆ ಹೇಳುತ್ತದೆ. ತಳ್ಳುಗಾಡಿಗೆ ಲಾಠಿ, ಕಾರಿಗೆ ಸಲಾಮು ಎಂಬುದು ಯಾವ ಕಾಯಿದೆಯಲ್ಲೂ ಇಲ್ಲ.

ಆದ್ದರಿಂದ ಪುರಸಭೆಯವರನ್ನೂ ಪೊಲೀಸಿನವರನ್ನೂ ನಾವು ಒತ್ತಾಯಿಸುತ್ತೇವೆ: ಇಕ್ಕಟ್ಟಾದ ಕಡೆ ಒಂದೇ ಬದಿಗೆ, ಉದ್ದಕ್ಕೆ, ಗೆರೆ ಎಳೆದು ಕಾರು ನಿಲ್ಲಿಸಲಿ, ಹೊತ್ತಿನ ಮಿತಿ ಇಡಲಿ, ಬಸ್ಸು ನಿಲ್ಲುವ ಸ್ಥಳವನ್ನೂ ರಸ್ತೆ ಕೂಡುವ ಮೂಲೆಗಳನ್ನೂ ಬರಿದಾಗಿಡಲಿ, ಲಾರಿಯ ಸರಕು ಪೇಟೆ ತೆರೆಯುವ ಮೊದಲೇ ಇಳಿಯಲಿ, ತಳ್ಳುಗಾಡಿಗೂ ಒಂದು ಗೊತ್ತಾದ ಜಾಗ ಸಿಗಲಿ. ಇದಕ್ಕೆ ಬೇಕಾದ್ದು ಬಣ್ಣದ ಡಬ್ಬಿ, ಕೆಲವು ಫಲಕ, ಮತ್ತು ದೊಡ್ಡವರ ಕಾರಿಗೂ ದಂಡ ಹಾಕುವ ಧೈರ್ಯ.

ಬೀದಿ ಎಲ್ಲರ ತೆರಿಗೆಯಿಂದಾದದ್ದು. ಅದರ ಬದಿ ಒಬ್ಬರ ಮನೆಯ ಕೊಟ್ಟಿಗೆಯಲ್ಲ.