ಕೇಳದೆ ಮುರಿದ ಕಂತು, ಹೇಳದೆ ಉಳಿದ ಹಕ್ಕು

ಹಿರಿಯೂರಿನ ಓರ್ವ ವಿಧವೆ ಇತ್ತೀಚೆಗೆ ಮೂರು ಪಾಸ್‌ಬುಕ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಎರಡು ಅವರವು. ಒಂದು, ಲಾರಿ ಓಡಿಸುತ್ತಿದ್ದ ಅವರ ಪತಿಯದ್ದು. ಪತಿ ತೀರಿಕೊಂಡದ್ದು 2021ರ ಜನವರಿಯಲ್ಲಿ. ಆ ತಾಯಿಯ ಪ್ರಶ್ನೆ ಸರಳವಾಗಿತ್ತು: ‘ನಾನು ತೆಗೆಯದ ದುಡ್ಡು ಖಾತೆಯಿಂದ ಎಲ್ಲಿಗೆ ಹೋಗುತ್ತದೆ ಬೇಟಾ?’

ನಾವು ಪುಟಗಳನ್ನು ತಿರುವಿದೆವು. ಅವರ ಎರಡೂ ಪಾಸ್‌ಬುಕ್‌ಗಳಲ್ಲಿ 2023, 2024 ಮತ್ತು 2025ರ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಮತ್ತು 20 ರೂಪಾಯಿಗಳ ಕಡಿತ ದಾಖಲಾಗಿತ್ತು. ಪಕ್ಕದಲ್ಲಿ ಇಂಗ್ಲಿಷಿನ ಕೆಲವು ಅಕ್ಷರಗಳು. ಕಾಲೇಜು ಓದುತ್ತಿರುವ ಮಗನಿಗೂ ಅವುಗಳ ಅರ್ಥ ಗೊತ್ತಿರಲಿಲ್ಲ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ಮತ್ತು ಪ್ರಧಾನಮಂತ್ರಿ ಸುರಕ್ಷಾ ವಿಮೆಯ ವಾರ್ಷಿಕ ಕಂತು. ಮೊದಲ ಖಾತೆ ತೆರೆದಾಗ ಎಲ್ಲೋ ಹೆಬ್ಬೆಟ್ಟು ಒತ್ತಿದ ನೆನಪು ಅವರಿಗಿದೆ. ಮಹಿಳಾ ಸಂಘದ ಸಾಲಕ್ಕಾಗಿ ಎರಡನೇ ಖಾತೆ ತೆರೆದಾಗ ವಿಮೆಯ ಮಾತನ್ನು ಯಾರೂ ಎತ್ತಿದ ನೆನಪಿಲ್ಲ.

ಈ ಕುಟುಂಬದ ಕತೆಯನ್ನು ನಾವು ಇಲ್ಲಿ ಹೇಳುತ್ತಿರುವುದು ಅನುಕಂಪಕ್ಕಾಗಿ ಅಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯಾವುದೇ ಮೊಹಲ್ಲಾದಲ್ಲಿ ಹತ್ತು ಪಾಸ್‌ಬುಕ್‌ಗಳನ್ನು ತೆರೆದು ನೋಡಿ. ಇಂಥದ್ದೊಂದು ಸಾಲು ಎಲ್ಲಾದರೂ ಕಣ್ಣಿಗೆ ಬೀಳದಿದ್ದರೆ ನಮಗೆ ಆಶ್ಚರ್ಯವಾದೀತು.

ಮೊದಲು ಯೋಜನೆಯ ಬಗ್ಗೆ ನ್ಯಾಯದ ಮಾತನ್ನು ಆಡಬೇಕು. 2015ರ ಮೇ 9ರಂದು ಆರಂಭಗೊಂಡ ಈ ಎರಡೂ ಯೋಜನೆಗಳು ಸ್ವತಃ ಕೆಟ್ಟವಲ್ಲ. ಜೀವನ್ ಜ್ಯೋತಿ ವಿಮೆಗೆ 18ರಿಂದ 50 ವರ್ಷದೊಳಗಿನವರು ಸೇರಬಹುದು. 55 ವರ್ಷದವರೆಗೆ ರಕ್ಷಣೆ ಇರುತ್ತದೆ. ಯಾವ ಕಾರಣದಿಂದ ಮರಣ ಸಂಭವಿಸಿದರೂ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಸುರಕ್ಷಾ ವಿಮೆ 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಮರಣವಾದರೆ 2 ಲಕ್ಷ. ವಾರ್ಷಿಕ ಕಂತು ಕ್ರಮವಾಗಿ 330 ಮತ್ತು 12 ರೂಪಾಯಿ ಇತ್ತು. 2022ರ ಜೂನ್ 1ರಿಂದ ಅದು 436 ಮತ್ತು 20 ರೂಪಾಯಿಗೆ ಏರಿತು. ವಿಮಾ ವರ್ಷ ಜೂನ್ 1ಕ್ಕೆ ಆರಂಭಗೊಂಡು ಮೇ 31ಕ್ಕೆ ಮುಗಿಯುತ್ತದೆ. ಒಮ್ಮೆ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದರೆ, ರದ್ದುಪಡಿಸುವವರೆಗೆ ಪ್ರತಿ ವರ್ಷವೂ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುತ್ತದೆ. ದೇಶದಲ್ಲಿ ಜೀವನ್ ಜ್ಯೋತಿಗೆ 23 ಕೋಟಿಗಿಂತಲೂ ಸುರಕ್ಷಾ ವಿಮೆಗೆ 50 ಕೋಟಿಗಿಂತಲೂ ಹೆಚ್ಚು ನೋಂದಣಿಗಳಾಗಿವೆ ಎಂದು 2025ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದೆ.

ಪ್ರಶ್ನೆ ಇರುವುದು ಇಲ್ಲಿ. ಈ ಕೋಟಿಗಳಲ್ಲಿ ತಿಳಿದು ಸೇರಿದವರು ಎಷ್ಟು, ಸೇರಿಸಲ್ಪಟ್ಟವರು ಎಷ್ಟು? ಗುರಿ ಮುಟ್ಟಬೇಕೆಂಬ ಒತ್ತಡದಲ್ಲಿರುವ ಶಾಖೆಗೆ ಗ್ರಾಹಕ ಓರ್ವ ಮನುಷ್ಯನಾಗಿ ಕಾಣುತ್ತಾನೆಯೇ ಅಥವಾ ಒಂದು ಸಂಖ್ಯೆಯಾಗಿಯೇ? ತಮ್ಮನ್ನು ಕೇಳದೆ ವಿಮೆಗೆ ಸೇರಿಸಲಾಗಿದೆ ಎಂಬ ದೂರುಗಳು ಈ ಯೋಜನೆಗಳ ಜೊತೆಗೇ ನಡೆದುಬಂದಿವೆ. 2024ರ ನವೆಂಬರಿನಲ್ಲಿ ಸ್ವತಃ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಗ್ರಾಹಕರಿಗೆ ತಪ್ಪಾಗಿ ವಿಮೆ ಮಾರುವ ಬ್ಯಾಂಕುಗಳ ಪ್ರವೃತ್ತಿಯ ಬಗ್ಗೆ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದ್ದರು. ಸಚಿವೆಯೇ ಹೇಳಿದ ಮೇಲೆ ಇದನ್ನು ಬಡವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ.

ಹಿರಿಯೂರಿನ ತಾಯಿಗೆ ಆದ ನಷ್ಟವನ್ನು ಲೆಕ್ಕ ಹಾಕೋಣ. ಯೋಜನೆಯ ನಿಯಮದ ಪ್ರಕಾರ ಒಬ್ಬರಿಗೆ ಒಂದೇ ಖಾತೆಯ ಮೂಲಕ ವಿಮೆ. ಎರಡು ಖಾತೆಗಳಿಂದ ಕಂತು ಕಟ್ಟಿದರೂ ಪರಿಹಾರ 2 ಲಕ್ಷವೇ. ಹೆಚ್ಚುವರಿಯಾಗಿ ಕಟ್ಟಿದ ಕಂತನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅಂದರೆ ವರ್ಷಕ್ಕೆ 456 ರೂಪಾಯಿಯಂತೆ ಮೂರು ವರ್ಷಗಳಲ್ಲಿ 1,368 ರೂಪಾಯಿ ಯಾವ ಪ್ರಯೋಜನವೂ ಇಲ್ಲದೆ ಹೋಗಿದೆ. ಸಂಬಳದಾರರಿಗೆ ಇದು ಸಣ್ಣ ಮೊತ್ತ. ಗೃಹಲಕ್ಷ್ಮಿಯ 2,000 ರೂಪಾಯಿಗಾಗಿ ತಿಂಗಳಿಡೀ ಮೊಬೈಲಿನ ಸಂದೇಶವನ್ನು ಕಾಯುವ ಮನೆಗೆ ಇದು ಅಕ್ಕಿ, ಎಣ್ಣೆ, ಗ್ಯಾಸಿನ ಹಣ.

ಆದರೆ ನಿಜವಾದ ಆಘಾತ ಇದ್ದದ್ದು ಮೂರನೇ ಪಾಸ್‌ಬುಕ್‌ನಲ್ಲಿ. ಪತಿಯ ಖಾತೆಯಿಂದ 2020ರ ಮೇ ತಿಂಗಳಲ್ಲಿ 330 ರೂಪಾಯಿ ಕಡಿತವಾಗಿತ್ತು. ಅಂದರೆ 2021ರ ಮೇ 31ರವರೆಗೆ ಅವರಿಗೆ ವಿಮೆ ಇತ್ತು. ಅವರು ಕಾಯಿಲೆಯಿಂದ ತೀರಿಕೊಂಡದ್ದು ಆ ಅವಧಿಯೊಳಗೆ, 46ನೇ ವಯಸ್ಸಿನಲ್ಲಿ. 2 ಲಕ್ಷ ರೂಪಾಯಿ ಆ ಮನೆಗೆ ಬರಬೇಕಿತ್ತು. ಯಾರೂ ಕೇಳಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಖಾತೆ ಮುಚ್ಚಿಸಲು ಹೋದಾಗಲೂ ಕೌಂಟರಿನ ಆಚೆಯಿಂದ ಯಾರೂ ಹೇಳಲಿಲ್ಲ. ಕಂತು ಮುರಿದುಕೊಳ್ಳುವಾಗ ಅಷ್ಟೊಂದು ನೆನಪಿನ ಶಕ್ತಿ ತೋರುವ ಯಂತ್ರ, ಪರಿಹಾರ ಕೊಡಬೇಕಾದಾಗ ಮರೆಗುಳಿಯಾಗುವುದೇಕೆ? ಅವರ ಪರವಾಗಿ ಅರ್ಜಿ ಬರೆದು ಸಲ್ಲಿಸಿದ್ದೇವೆ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಒಪ್ಪಿಗೆ ಇಲ್ಲದ ವಿಮೆಯ ಎರಡು ಮುಖಗಳು ಇವೇ. ಬೇಡದವರ ಹಣ ಹೋಗುತ್ತದೆ. ಬೇಕಾದವರಿಗೆ ಹಕ್ಕು ಇರುವುದೇ ತಿಳಿಯುವುದಿಲ್ಲ. ಎರಡಕ್ಕೂ ಮೂಲ ಒಂದೇ: ಕೇಳಲಿಲ್ಲ, ಹೇಳಲಿಲ್ಲ.

ಇದು ಈ ಎರಡು ಯೋಜನೆಗಳಿಗೆ ಸೀಮಿತವಾದುದೂ ಅಲ್ಲ. ಸಾಲ ಕೊಡುವಾಗ ಅದರ ಜೊತೆಗೊಂದು ವಿಮೆಯನ್ನು ಅಂಟಿಸಿ, ಕಂತನ್ನು ಸಾಲದ ಮೊತ್ತದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೈಗಿಡುವ ಪದ್ಧತಿಯನ್ನು ಸಂಘಗಳ ಮಹಿಳೆಯರು ಬಲ್ಲರು. ಕಿರುಸಾಲ ಸಂಸ್ಥೆಗಳ ಕುರಿತು ರಿಸರ್ವ್ ಬ್ಯಾಂಕ್ 2022ರಲ್ಲಿ ಜಾರಿಗೊಳಿಸಿದ ನಿರ್ದೇಶನದಲ್ಲಿ, ಸಾಲವಲ್ಲದ ಯಾವುದನ್ನೇ ಮಾರುವುದಿದ್ದರೂ ಸಾಲಗಾರರ ಪೂರ್ಣ ಒಪ್ಪಿಗೆ ಬೇಕು, ಅದರ ಶುಲ್ಕವನ್ನು ಸಾಲದ ಕಾರ್ಡಿನಲ್ಲೇ ನಮೂದಿಸಬೇಕು ಎಂದಿದೆ. ಆ ಕಾರ್ಡನ್ನು ನಮ್ಮ ಎಷ್ಟು ಮನೆಗಳಲ್ಲಿ ಓದಿದ್ದೇವೆ?

ರೈತರದ್ದೂ ಇದೇ ಕತೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬೆಳೆಸಾಲ ಪಡೆದವರಿಗೆ ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಅದನ್ನು ಐಚ್ಛಿಕಗೊಳಿಸಲಾಯಿತು. ಆದರೆ ಈ ಐಚ್ಛಿಕ ಎಂಬ ಪದದ ಒಳಗೊಂದು ಷರತ್ತು ಅಡಗಿದೆ. ಬೇಡ ಎನ್ನುವ ಸಾಲಗಾರ ರೈತ, ನೋಂದಣಿಯ ಕೊನೆಯ ದಿನಕ್ಕಿಂತ ಏಳು ದಿನ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಮೌನವೇ ಒಪ್ಪಿಗೆ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲು ವಿಮಾ ಮೊತ್ತದ ಶೇ.2, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗಳಿಗೆ ಶೇ.5ರವರೆಗೆ. ಹಿರಿಯೂರಿನ ಶೇಂಗಾ ಬೆಳೆಗಾರನಿಗೂ ಹೊಳಲ್ಕೆರೆ, ಹೊಸದುರ್ಗಗಳ ತೋಟದವನಿಗೂ ಮಳೆ ನಂಬಿಕೆಗೆ ಅರ್ಹವಲ್ಲದ ಈ ಬಯಲು ಸೀಮೆಯಲ್ಲಿ ಬೆಳೆ ವಿಮೆ ಅಗತ್ಯವೇ ಇರಬಹುದು. ಆದರೆ ಅಗತ್ಯವನ್ನು ತೀರ್ಮಾನಿಸಬೇಕಾದವನು ಅವನೇ.

1872ರ ಕರಾರು ಕಾಯ್ದೆಯು ಒಪ್ಪಿಗೆ ಎಂದರೆ ಏನೆಂಬುದನ್ನು ಸ್ಪಷ್ಟಪಡಿಸಿದೆ. ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಓದಲಾಗದ ಭಾಷೆಯಲ್ಲಿರುವ ಹಾಳೆಯ ಮೂಲೆಗೆ ಒತ್ತಿದ ಹೆಬ್ಬೆಟ್ಟಿನಲ್ಲಿ ಈ ಒಂದೇ ಅರ್ಥ ಎಲ್ಲಿದೆ? ನಮ್ಮ ಓದುಗರಿಗೆ ಈ ತತ್ವ ಹೊಸತಲ್ಲ. ಈಜಾಬ್ ಮತ್ತು ಖಬೂಲ್ ಇಲ್ಲದೆ ನಿಕಾಹ್ ಆಗುವುದಿಲ್ಲ, ವ್ಯಾಪಾರವೂ ಆಗುವುದಿಲ್ಲ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಪರಸ್ಪರ ಸಮ್ಮತಿ ಇಲ್ಲದೆ ಇನ್ನೊಬ್ಬರ ಸೊತ್ತನ್ನು ಮುಟ್ಟುವುದು ಅನ್ಯಾಯ. ಮೇಲಾಗಿ, ಬಡ್ಡಿ ಮತ್ತು ಅನಿಶ್ಚಿತತೆಯ ಅಂಶಗಳಿಂದಾಗಿ ವಿಮೆಯ ಕುರಿತು ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಅವುಗಳ ತೀರ್ಪು ಈ ಅಂಕಣದ ಕೆಲಸವಲ್ಲ. ಆದರೆ ಧಾರ್ಮಿಕ ಕಾರಣಕ್ಕಾಗಿ ಬೇಡ ಎನ್ನುವವನ ಖಾತೆಯಿಂದಲೂ ಕೇಳದೆ ಕಂತು ಮುರಿದರೆ, ಹಣದ ಜೊತೆಗೆ ಅವನ ಆಯ್ಕೆಯನ್ನೂ ಕಿತ್ತುಕೊಂಡಂತಾಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲಿ ನೆನಪಿಸಬೇಕಾಗಿದೆ. ಮುಸ್ಲಿಮರಿಗೆ ಬ್ಯಾಂಕ್ ಸಾಲ ಸಿಗುವುದು ಕಡಿಮೆ, ಕೆಲವು ಬ್ಯಾಂಕುಗಳು ಮುಸ್ಲಿಮ್ ಬಾಹುಳ್ಯದ ಪ್ರದೇಶಗಳನ್ನು ನಕಾರಾತ್ಮಕ ವಲಯಗಳೆಂದು ಗುರುತಿಸುತ್ತವೆ ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತ್ತು. 2014ರ ಆಗಸ್ಟ್ 28ರಂದು ಜನ್‌ಧನ್ ಯೋಜನೆ ಆರಂಭವಾದ ಬಳಿಕ ದೇಶದೆಲ್ಲೆಡೆ ಬಡವರಿಗೆ ಖಾತೆಯ ಬಾಗಿಲು ತೆರೆಯಿತು. ಒಳ್ಳೆಯದೇ. ಆದರೆ ಸಾಲ ಕೇಳಿದಾಗ ನೂರು ದಾಖಲೆ ಬೇಡುವ ಕೌಂಟರು, ವಿಮೆಗೆ ಸೇರಿಸುವಾಗ ಒಂದು ಮಾತನ್ನೂ ಕೇಳದಿದ್ದರೆ ಆ ಬಾಗಿಲು ಯಾರಿಗಾಗಿ ತೆರೆದದ್ದು ಎಂಬ ಪ್ರಶ್ನೆ ಏಳುತ್ತದೆ.

ಜನರು ಕೇಳಿದರೆ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿನ ಬ್ಯಾಂಕುಗಳು ಸಾಲದ ಜೊತೆಗೆ, ಎಷ್ಟೋ ಸಲ ಗ್ರಾಹಕರಿಗೆ ತಿಳಿಸದೆಯೇ, ಸಾಲ ಮರುಪಾವತಿ ವಿಮೆಯನ್ನು ಮಾರಿದ್ದವು. ಜನರು ದೂರು ಕೊಡುತ್ತಾ ಹೋದರು. ದೂರು ಸಲ್ಲಿಕೆಗೆ 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಬ್ಯಾಂಕುಗಳು ಹಿಂದಿರುಗಿಸಿದ ಮೊತ್ತ ಸುಮಾರು 3,800 ಕೋಟಿ ಪೌಂಡ್. ಒಬ್ಬೊಬ್ಬರ ನಷ್ಟ ಸಣ್ಣದೆಂದು ಎಲ್ಲರೂ ಸುಮ್ಮನಿದ್ದಿದ್ದರೆ ಆ ಹಣ ಬ್ಯಾಂಕುಗಳಲ್ಲೇ ಉಳಿಯುತ್ತಿತ್ತು.

ನಮ್ಮಲ್ಲೂ ದಾರಿಗಳಿವೆ. ಜೀವನ್ ಜ್ಯೋತಿ, ಸುರಕ್ಷಾ ವಿಮೆ ಬೇಡವಾದರೆ ಖಾತೆ ಇರುವ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರನ್ನು ಪ್ರತಿಯ ಮೇಲೆ ಹಾಕಿಸಿಕೊಳ್ಳಬೇಕು. ಮೇ ತಿಂಗಳ ಮೊದಲೇ ಕೊಟ್ಟರೆ ಒಳ್ಳೆಯದು. ಎರಡು ಖಾತೆಗಳಲ್ಲಿ ಕಡಿತವಾಗುತ್ತಿದ್ದರೆ ಒಂದನ್ನು ತಕ್ಷಣ ನಿಲ್ಲಿಸಬೇಕು. ಕಾರ್ಡಿನ ಮೂಲಕ ತಾನಾಗಿ ಕಡಿತವಾಗುವ ಕಂತುಗಳಿಗೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ಸಂದೇಶವನ್ನು ಓದದೆ ಅಳಿಸಬಾರದು. ಖಾಸಗಿ ಜೀವ ವಿಮೆ, ಆರೋಗ್ಯ ವಿಮೆಯನ್ನು ತಿಳಿಯದೆ ಕೊಂಡಿದ್ದರೆ, ಒಂದು ವರ್ಷಕ್ಕಿಂತ ಕಡಿಮೆ ಅವಧಿಯವನ್ನು ಬಿಟ್ಟು, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕನ್ನು ವಿಮಾ ಪ್ರಾಧಿಕಾರದ 2024ರ ನಿಯಮಾವಳಿ ನೀಡಿದೆ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448. ವಿಮಾ ಕಂಪನಿಯ ವಿರುದ್ಧದ ದೂರಿಗೆ ವಿಮಾ ಪ್ರಾಧಿಕಾರದ 155255 ಇದೆ. ಗ್ರಾಹಕ ಸಹಾಯವಾಣಿ 1915. ಅದಕ್ಕೂ ಮೀರಿ ಚಿತ್ರದುರ್ಗದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಸಣ್ಣ ಮೊತ್ತದ ವ್ಯಾಜ್ಯಗಳಿಗೆ ಅಲ್ಲಿ ಶುಲ್ಕವಿಲ್ಲ. ವಕೀಲರಿಲ್ಲದೆಯೇ ವಾದಿಸಬಹುದು.

ಆದರೆ ದಾರಿ ಇರುವುದು ಬೇರೆ, ಅದರಲ್ಲಿ ನಡೆಯುವುದು ಬೇರೆ. ಇಲ್ಲಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಪತ್ತೆಹಚ್ಚುವ ನಾವು, ಸಹಿ ಹಾಕುವ ಹಾಳೆಯಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮನೆಯ ಹೆಂಗಸರ ಖಾತೆಯನ್ನು ಗಂಡಸರು ನಿರ್ವಹಿಸುತ್ತಾರೆ, ಆದರೆ ಅದರ ವಿವರವನ್ನು ಆಕೆಗೆ ಹೇಳುವುದಿಲ್ಲ. ಗಂಡನಿಗೆ ಯಾವ ವಿಮೆ ಇದೆ, ನಾಮಿನಿ ಯಾರು ಎಂಬುದು ಹೆಂಡತಿಗೆ ತಿಳಿಯುವುದು ಜನಾಝಾದ ನಂತರ, ಅದೂ ಅದೃಷ್ಟವಿದ್ದರೆ. ಇದಕ್ಕೆ ಯಾವ ಬ್ಯಾಂಕನ್ನೂ ದೂರುವಂತಿಲ್ಲ.

ನಮ್ಮ ಸೂಚನೆ ಇಷ್ಟೇ. ಈ ನಾಲ್ಕೂ ಪಟ್ಟಣಗಳ ಜಮಾಅತ್‌ಗಳು ವರ್ಷಕ್ಕೊಂದು ಭಾನುವಾರವನ್ನು, ಅದೂ ಏಪ್ರಿಲಿನಲ್ಲಿ, ಪಾಸ್‌ಬುಕ್ ಓದುವುದಕ್ಕಾಗಿ ಮೀಸಲಿಡಲಿ. ಮಸೀದಿಯ ಅಂಗಳದಲ್ಲೋ ಶಾದಿ ಮಹಲಿನಲ್ಲೋ ನಾಲ್ಕು ಮೇಜು ಹಾಕಿ. ಪದವಿ ಓದುವ ಹುಡುಗ ಹುಡುಗಿಯರನ್ನು ಕೂರಿಸಿ. ಯಾರ ಖಾತೆಯಿಂದ ಏನು ಕಡಿತವಾಗುತ್ತಿದೆ, ಬೇಕೇ ಬೇಡವೇ, ನಾಮಿನಿ ಯಾರು ಎಂಬುದನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ವಿವರಿಸಲಿ. ನೆರೆಯ ಹಿಂದೂ ಕುಟುಂಬಗಳನ್ನೂ ಕರೆಯಿರಿ. ಅವರ ಪಾಸ್‌ಬುಕ್‌ಗಳಲ್ಲೂ ಇರುವುದು ಇದೇ ಸಾಲು. ಕಳೆದ ಕೆಲವು ವರ್ಷಗಳಲ್ಲಿ ತೀರಿಕೊಂಡವರ ಪಾಸ್‌ಬುಕ್‌ಗಳನ್ನು ಎಲ್ಲಕ್ಕಿಂತ ಮೊದಲು ತೆರೆಯಿರಿ.

ಬ್ಯಾಂಕುಗಳಲ್ಲಿ ನಮ್ಮ ಬೇಡಿಕೆಯೂ ದೊಡ್ಡದಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಕಂತು ಮುರಿಯುವ ಮೊದಲು ಕನ್ನಡದಲ್ಲೊಂದು ಸಂದೇಶ ಬರಲಿ. ಮರಣ ಪ್ರಮಾಣಪತ್ರ ಹಿಡಿದು ಕೌಂಟರಿಗೆ ಬಂದ ವಿಧವೆಗೆ, ನಿಮ್ಮ ಪತಿಗೆ ವಿಮೆ ಇತ್ತಮ್ಮಾ ಎಂದು ಹೇಳುವ ಹೊಣೆ ಶಾಖೆಯದ್ದಾಗಲಿ. ಹಿರಿಯೂರಿನ ಆ ತಾಯಿಗೆ ಐದು ವರ್ಷಗಳ ಹಿಂದೆ ಈ ಒಂದು ಮಾತು ಸಿಕ್ಕಿದ್ದರೆ, ಅವರು ಸಂಘದ ಸಾಲಕ್ಕಾಗಿ ಎರಡನೇ ಖಾತೆ ತೆರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲವೇನೋ.