ಬೆಳಗುವ ಅಕ್ಷರ

ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಪೇಟೆಯಲ್ಲಿ ಬಣ್ಣದ ಫಲಕಗಳ ನಡುವೆ ದೀಪದ ಅಕ್ಷರಗಳು ಹೆಚ್ಚುತ್ತಲಿವೆ. ಮನೆಯ ಗಳಿಕೆಯನ್ನು ಅಂಗಡಿಗೆ ಹಾಕಿದ ಗೃಹಸ್ಥರಿಗೆ ಇದು ಸಣ್ಣ ವೆಚ್ಚವಲ್ಲ. ಆದುದರಿಂದ ನಾವು ಎರಡು ಮಾತು ಹೇಳಬಯಸುವೆವು.

1910ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕ್ಲೋದರು ತೋರಿಸಿದ ನಿಯಾನ್ ದೀಪಕ್ಕೆ ಸಾವಿರಾರು ವೋಲ್ಟು ಬೇಕು. ಇಂದಿನ ಎಲ್‌ಇಡಿ ಅಕ್ಷರಕ್ಕೆ ಸಾಮಾನ್ಯವಾಗಿ 12 ವೋಲ್ಟು ಸಾಕು. ಆದರೂ ವಿದ್ಯುತ್ತನ್ನು ಇಳಿಸಿಕೊಡುವ ಪೆಟ್ಟಿಗೆಯನ್ನು ಮಳೆಯ ಎರಚಲು ತಾಕದ ಕಡೆಗೆ ಇಡಿಸತಕ್ಕದ್ದು.

ಅಕ್ಷರದ ರೂಪವು ಇನ್ನೂ ಮುಖ್ಯ. ಒತ್ತಕ್ಷರವು ಕೆಳಗೆ ಬೇರೆಯಾಗಿ ನಿಲ್ಲುವುದು. ಅದರ ದೀಪ ಆರಿತೆಂದರೆ ‘ಅಕ್ಕಿ’ಯ ಅಂಗಡಿಯು ನಮ್ಮ ಆಡುಮಾತಿನ ‘ಅಕಿ’ಯ ಅಂಗಡಿಯಾದೀತು! ಅಕ್ಷರ ಚಿಕ್ಕದಾದರೆ ಬೆಳಕು ಹರಡಿ ‘ಪ’ಕಾರ ‘ಷ’ಕಾರಗಳ ಭೇದವೂ ಅಳಿಯುವುದು. ಹಣ ಕೊಡುವ ಮುನ್ನ ಒಂದು ಅಕ್ಷರವನ್ನು ಕತ್ತಲಲ್ಲಿ ಹೊತ್ತಿಸಿ, ರಸ್ತೆಯ ಆಚೆಯಿಂದ ಓದಿ ನೋಡಿರಿ.

2024ರ ತಿದ್ದುಪಡಿಯಂತೆ ಫಲಕದ ಶೇಕಡಾ 60 ಪಾಲು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಗಡಿಯ ನಿಪ್ಪಾಣಿಯಲ್ಲಿ ಮರಾಠಿ ಓದುವ ಗಿರಾಕಿಗಳು ಬಹಳ. ಉಳಿದ ಪಾಲಿನಲ್ಲಿ ಅವರ ನುಡಿಗೂ ಎಡೆಯುಂಟು. ಆದರೆ ಕನ್ನಡದ ಸಾಲು ಕಟ್ಟಳೆಗಾಗಿ ಬರೆಯಿಸಿದ ಬಡಕಲು ಸಾಲಾಗದಿರಲಿ. ಮಕ್ಕಳು ಓದು ಕಲಿಯುವುದು ಪೇಟೆಯ ಫಲಕಗಳಿಂದಲೂ ಅಹುದು. ತಪ್ಪಿಲ್ಲದ ಅಕ್ಷರವನ್ನೇ ಬೆಳಗಿಸಬೇಕೆಂದು ನಮ್ಮ ಬಿನ್ನಹ.