ನೆರೆಹೊರೆಯೂ ಬಾಡಿಗೆಯ ಹಲಗೆಯೂ

ಸಂಸ್ಕೃತದಲ್ಲಿ ನೆರೆಮನೆಯವನಿಗೆ ‘ಪ್ರತಿವೇಶೀ’ ಎಂದು ಹೆಸರು. ಎದುರಿಗೆ ನೆಲೆಸಿದವನು ಎಂಬಷ್ಟೇ ಅದರ ಭಾವ. ಕನ್ನಡದ ‘ನೆರೆ’ ಎಂಬ ಮಾತು ಅದಕ್ಕಿಂತ ಹಿರಿದಾದುದು. ನೆರೆ ಎಂದರೆ ಪಕ್ಕ, ನೆರೆಯುವುದೆಂದರೆ ಒಂದುಗೂಡುವುದು. ಆದರೆ ಪಕ್ಕದಲ್ಲಿರುವವರೆಲ್ಲರೂ ಒಂದುಗೂಡಿದವರಲ್ಲ. ಹಲವು ನಾಡು, ನುಡಿ, ಮತಗಳ ಜನರು ಒಂದೇ ಬೀದಿಯಲ್ಲಿ ವಾಸಮಾಡುವ ಬಡಾವಣೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಇವೆರಡರ ನಡುವಣ ಅಂತರವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಉದಾಹರಣೆಗೆ ಮುಂಬಯಿಯ ಮಾಟುಂಗವನ್ನು ತೆಗೆದುಕೊಳ್ಳುತ್ತೇವೆ. ಕನ್ನಡಿಗರಿಗೆ ಅದು ಪರಸ್ಥಳವೆಂದು ಹೇಳಲಾಗದಷ್ಟು ಹಳೆಯ ಪರಿಚಯದ ಊರು.

೧೮೯೬ರಲ್ಲಿ ಮುಂಬಯಿಗೆ ಪ್ಲೇಗುಮಾರಿ ಬಂದೆರಗಿತು. ಇಕ್ಕಟ್ಟಿನ ಕೇರಿಗಳನ್ನು ಸಡಿಲಿಸಬೇಕೆಂದು ೧೮೯೮ರಲ್ಲಿ ನಗರಸುಧಾರಣೆಯ ಟ್ರಸ್ಟು ಏರ್ಪಟ್ಟು, ಉತ್ತರಕ್ಕೆ ದಾದರು ಮಾಟುಂಗಗಳ ಕಡೆ ಅಗಲವಾದ ಬೀದಿಗಳನ್ನು ಹಾಕಿಸಿತು. ಅಲ್ಲಿಗೆ ಕಚೇರಿಗಳ ಗುಮಾಸ್ತೆಗಳಾಗಿ ತಮಿಳರೂ ಮಲಯಾಳಿಗಳೂ, ಹೋಟಲಿನವರಾಗಿ ತುಳುವರೂ ಕನ್ನಡಿಗರೂ, ವ್ಯಾಪಾರಿಗಳಾಗಿ ಗುಜರಾತಿಗಳೂ ಬಂದು ಸೇರಿದರು. ಕನ್ನಡಿಗರ ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿ, ದಕ್ಷಿಣದವರ ವಿದ್ಯಾಸಂಸ್ಥೆ ೧೯೩೨ರಲ್ಲಿ, ಸಿಖ್ಖರ ಖಾಲ್ಸಾ ಕಾಲೇಜು ೧೯೩೭ರಲ್ಲಿ ಹುಟ್ಟಿದವು. ಮುಂಬಯಿಯ ನಗರಪಾಲಿಕೆಯೂ ಕಾಲಕ್ರಮದಲ್ಲಿ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿತು. ಮೇಷ್ಟರ ಕೆಲಸದಲ್ಲಿ ಆಯುಷ್ಯ ಕಳೆದ ನಮಗೆ ಇದೊಂದು ಸಾಮಾನ್ಯ ಸಂಗತಿಯಾಗಿ ತೋರುವುದಿಲ್ಲ.

ಆದರೆ ಮನೆಗಳ ವಿಷಯದಲ್ಲಿ ನಡೆದುದು ಬೇರೆ. ಮಂಚೇರ್ಜಿ ಜೋಶಿಯವರು ಟ್ರಸ್ಟಿನವರನ್ನು ಒಪ್ಪಿಸಿ ದಾದರಿನಲ್ಲಿ ಪಾರಸಿಗಳಿಗಾಗಿ ಒಂದು ಕಾಲೊನಿಯನ್ನೇ ಕಟ್ಟಿಸಿದರು. ಅದಕ್ಕೂ ಮುಂಚೆ ೧೯೧೫ರಲ್ಲಿ ಗಾಮದೇವಿಯಲ್ಲಿ ನಮ್ಮ ಕನ್ನಡ ಜಿಲ್ಲೆಯ ಕಡೆಯಿಂದ ಹೋದ ಸಾರಸ್ವತರು, ಶ್ರೀಪಾದ ಸುಬ್ರಾವ್ ತಲಮಕಿಯವರ ಮುಂದಾಳುತನದಲ್ಲಿ, ತಮ್ಮವರಿಗಾಗಿ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದ್ದರು. ಇದನ್ನು ನಾವು ದೂಷಿಸುವುದಿಲ್ಲ. ಗುರುತು ಪರಿಚಯವಿಲ್ಲದ ಮಹಾನಗರದಲ್ಲಿ ಸಾಲಕ್ಕೆ ಹೊಣೆಯಾಗಲು ತನ್ನ ಊರಿನವನಲ್ಲದೆ ಇನ್ನಾರು ಸಿಕ್ಕುವರು? ಸಹಕಾರವು ನಂಬಿಕೆಯ ಮೇಲೆ ನಿಲ್ಲತಕ್ಕದ್ದು. ಆ ಕಾಲದಲ್ಲಿ ನಂಬಿಕೆಯು ಕುಲದೊಳಗೇ ಸುಲಭವಾಗಿ ದೊರೆಯುತ್ತಿತ್ತು. ಇದರ ಫಲವೇನಾಯಿತೆಂದರೆ, ಬೀದಿ ಎಲ್ಲರದಾಯಿತು, ಮೆಟ್ಟಿಲು ಒಬ್ಬೊಬ್ಬರದಾಯಿತು. ಹಳೆಯ ಚಾಳುಗಳಲ್ಲಿ ಒಂದೇ ನಲ್ಲಿ, ಒಂದೇ ಪಡಸಾಲೆ. ಜಗಳವಾಡುವುದಕ್ಕಾದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರಬೇಕಾಗಿತ್ತು. ನಲ್ಲಿಯೂ ಬಚ್ಚಲೂ ಮನೆಯೊಳಕ್ಕೆ ಬಂದ ಮೇಲೆ ಆ ಅಗತ್ಯವೂ ತಪ್ಪಿತು.

ಹಾಗಾದರೆ ಈ ಜನರು ಕೂಡುತ್ತಿದ್ದುದೆಲ್ಲಿ? ರೈಲಿನಲ್ಲಿ, ತರಕಾರಿಯ ಪೇಟೆಯಲ್ಲಿ, ಮುಖ್ಯವಾಗಿ ಹೋಟಲಿನಲ್ಲಿ. ೧೯೪೨ರಲ್ಲಿ ರಾಮ ನಾಯಕರು ಮಾಟುಂಗ ಸ್ಟೇಷನ್ನಿನ ಮಗ್ಗುಲಲ್ಲಿ ತೆರೆದ ಉಡುಪಿಯ ಭೋಜನಶಾಲೆಯಲ್ಲಿ ಬಾಳೆಯೆಲೆಯ ಮುಂದೆ ಮರಾಠಿಗರೂ ಗುಜರಾತಿಗಳೂ ತಮಿಳರೂ ಒಂದೇ ಸಾಲಿನಲ್ಲಿ ಕುಳಿತರು. ಪಂಕ್ತಿಭೇದದ ಕಟ್ಟನ್ನು ಉಪದೇಶಗಳಿಗಿಂತ ಇಡ್ಲಿ ಸಾಂಬಾರುಗಳೇ ಹೆಚ್ಚಾಗಿ ಸಡಿಲಿಸಿದುವೆಂದರೆ ಮಡಿವಂತರು ನಮ್ಮನ್ನು ಕ್ಷಮಿಸಬೇಕು.

ಆದರೂ ಅಷ್ಟರಿಂದಲೇ ನೆರೆತನವು ಸಿದ್ಧಿಸಲಿಲ್ಲ. ೧೯೬೬ರಲ್ಲಿ ಶಿವಸೇನೆಯು ಹುಟ್ಟಿ ದಕ್ಷಿಣದವರ ಮೇಲೆ ಕೂಗೆದ್ದಾಗ, ಮುಂಬಯಿಯಲ್ಲಿ ಕಲ್ಲು ಬಿದ್ದುದು ಅನೇಕ ಉಡುಪಿ ಹೋಟಲುಗಳ ಮೇಲೆಯೇ. ಹೋಟಲಿನ ಅಣ್ಣನ ಕೈಯ ಕಾಫಿಯ ರುಚಿಯನ್ನು ಊರೆಲ್ಲ ಬಲ್ಲದು. ಅವನ ಮನೆ ಎಲ್ಲಿ, ಮಗು ಎಷ್ಟನೆಯ ತರಗತಿಯಲ್ಲಿದೆ ಎಂಬುದನ್ನು ಬಲ್ಲವರೆಷ್ಟು ಮಂದಿ?

ಮುಂಬಯಿಯ ಮಾತು ಹಾಗಿರಲಿ. ನಮ್ಮ ಬೆಂಗಳೂರನ್ನು ನೋಡೋಣ. ೨೦೧೨ರ ಆಗಸ್ಟಿನಲ್ಲಿ ಒಂದು ಸುಳ್ಳು ವದಂತಿಯಿಂದ ಹೆದರಿ, ಅಸ್ಸಾಮವೇ ಮೊದಲಾದ ಈಶಾನ್ಯ ಸೀಮೆಯ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗೌಹಾತಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮಂತ್ರಿಗಳೂ ಪೊಲೀಸರೂ ಭರವಸೆಯಿತ್ತರು. ಆದರೆ ಅಂಥ ರಾತ್ರಿಯಲ್ಲಿ ಮಂತ್ರಿಯ ಮಾತಿಗಿಂತ, “ಎಲ್ಲಿಗೂ ಹೋಗಬೇಡಪ್ಪ, ನಾವಿದ್ದೇವೆ” ಎಂಬ ಕೆಳಮನೆಯ ಯಜಮಾನಿತಿಯ ಮಾತು ಹೆಚ್ಚು ತೂಗುವುದು. ಆ ಮಾತು ವದಂತಿ ಬಂದ ದಿನ ಹೊಸದಾಗಿ ಹುಟ್ಟಲಾರದು. ಹಿಂದಿನ ಎರಡು ವರ್ಷಗಳಲ್ಲಿ ಹುಟ್ಟಿರಬೇಕು.

ಕಾನೂನು ಇದನ್ನು ಮಾಡಿಸಲಾರದೇ ಎಂದು ಕೇಳಬಹುದು. ಸಿಂಗಪುರದಲ್ಲಿ ೧೯೮೯ರಿಂದ ಸರ್ಕಾರದ ವಸತಿಯ ಒಂದೊಂದು ಕಟ್ಟಡದಲ್ಲಿಯೂ ಚೀನೀಯರು, ಮಲಯರು, ಭಾರತೀಯರು ಮುಂತಾದವರು ಇಂತಿಷ್ಟು ಪಾಲಿಗಿಂತ ಹೆಚ್ಚಾಗಬಾರದೆಂದು ಮಿತಿ ಹಾಕಿದ್ದಾರೆ. ಇದರಿಂದ ಒಂದೊಂದು ಜನಾಂಗವು ಒಂದೊಂದು ಕೇರಿಯಾಗುವುದು ತಪ್ಪಿತು. ಆದರೆ ಅಲ್ಪಸಂಖ್ಯಾತನು ಮನೆ ಮಾರಹೊರಟಾಗ ಕೊಳ್ಳುವವರು ಕಡಮೆಯಾಗಿ ಅವನಿಗೆ ನಷ್ಟವೂ ತಟ್ಟುವುದುಂಟು. ನಮ್ಮ ದೇಶದಲ್ಲಿ ನ್ಯಾಯದ ದಾರಿ ಬೇರೆಯಾಯಿತು. ಅಹಮದಾಬಾದಿನ ಪಾರಸಿ ಸಂಘವೊಂದರ ಮೊಕದ್ದಮೆಯಲ್ಲಿ, ಸಂಘವು ತನ್ನ ಮತದವರಿಗೆ ಮಾತ್ರ ಸದಸ್ಯತ್ವವೆಂದು ನಿಯಮ ಮಾಡಿಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲವೆಂದು ೨೦೦೫ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದುದರಿಂದ ಈ ವಿಚಾರವು ಬಹುಮಟ್ಟಿಗೆ ಗೃಹಸ್ಥರ ಕೈಯಲ್ಲಿಯೇ, ಅದರಲ್ಲಿಯೂ ಬಾಡಿಗೆಗೆ ಕೊಡಲು ಒಂದು ಮನೆಯನ್ನು ಇಟ್ಟುಕೊಂಡಿರುವವರ ಕೈಯಲ್ಲಿ, ಉಳಿದಿದೆ.

‘ಮನೆ ಬಾಡಿಗೆಗಿದೆ’ ಎಂಬ ಹಲಗೆಯ ಕೆಳಗೆ ‘ಶಾಖಾಹಾರಿಗಳಿಗೆ ಮಾತ್ರ’ ಎಂದು ಬರೆದಿರುವುದು ಸಾಮಾನ್ಯ. ಹಲಗೆಯಲ್ಲಿ ಬರೆಯದೆ ಬಾಗಿಲಲ್ಲಿ ಕೇಳುವ ಇನ್ನೊಂದು ಪ್ರಶ್ನೆ, “ತಾವು ಯಾವ ಜನ?” ಎಂಬುದು. ಹೆಸರು ಕೇಳಿದೊಡನೆ ‘ಮನೆ ನಿನ್ನೆಯೇ ಹೋಯಿತು’ ಎನ್ನುವವರೂ ಇದ್ದಾರೆ. ಮೀನು ಮಾಂಸಗಳು ಬೇಯದ ಮನೆಯಲ್ಲಿ ಹುಟ್ಟಿ ಬೆಳೆದ ನಮಗೆ ಅದರ ವಾಸನೆ ಹಿತವಲ್ಲ. ಆದರೆ ನಮ್ಮ ಇಂಗಿನ ಒಗ್ಗರಣೆಯ ಘಾಟು ಹೊಸಬರಿಗೆ ಎಷ್ಟು ಹಿತವೆಂದು ಅವರನ್ನು ಕೇಳಿದವರಾರು? ವಾಸನೆಗೆ ಕಿಟಕಿಯಿದೆ, ಮೂರು ತಿಂಗಳು ಮನೆ ಸಿಕ್ಕದೆ ಕೂಸನ್ನು ಕಟ್ಟಿಕೊಂಡು ಅಲೆಯುವ ದಂಪತಿಗಳಿಗೆ ಅಂಥ ಉಪಾಯವಿಲ್ಲ. ಬಾಡಿಗೆ ಸಕಾಲಕ್ಕೆ ಬರುವುದೇ, ಗೋಡೆ ಕೆಡದೇ, ರಾತ್ರಿ ಗಲಾಟೆಯಿಲ್ಲವೇ ಎಂದು ವಿಚಾರಿಸುವುದು ಯಜಮಾನನ ಹಕ್ಕು. ಅದರಾಚೆಗಿನ ಪ್ರಶ್ನೆಗಳಿಂದ ಮನೆಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲವೆಂದು ನಮ್ಮ ಅಭಿಪ್ರಾಯ.

ಬಂದವರನ್ನು ಮೊದಲ ವಾರದಲ್ಲಿಯೇ ಮಾತನಾಡಿಸಬೇಕು. ಕಾವೇರಿ ನೀರು ಬರುವ ದಿನ, ಕಸದ ಗಾಡಿಯ ಹೊತ್ತು, ರಾತ್ರಿಯೂ ಬಾಗಿಲು ತೆರೆಯುವ ವೈದ್ಯರ ಮನೆ, ಇವನ್ನು ತಿಳಿಸಿದರೆ ಅದೇ ಸ್ವಾಗತ. ಅವರ ಹೆಸರನ್ನು ಅವರು ಹೇಳುವಂತೆಯೇ ಹೇಳಲು ಕಲಿಯತಕ್ಕದ್ದು. ‘ನಾರ್ತಿನವರು’, ‘ಚಿಂಕಿಗಳು’ ಎಂಬ ಅಡ್ಡಹೆಸರುಗಳನ್ನು ಮಕ್ಕಳು ಹೊರಗಿನಿಂದ ತಂದರೆ ಹೊಸ್ತಿಲಲ್ಲಿಯೇ ತಡೆಯತಕ್ಕದ್ದು. ತಿಂಡಿಯ ತಟ್ಟೆ ಹೋದರೆ ಅದು ಬರಿದಾಗಿ ಹಿಂದಿರುಗಬಾರದೆಂಬ ಪದ್ಧತಿ ನಮ್ಮಲ್ಲಿದೆ; ಅವರ ಅಡಿಗೆಯನ್ನು ಉಣ್ಣದವರು ಹಣ್ಣುಕಾಯಿಯನ್ನಾದರೂ ಸಂತೋಷದಿಂದ ಸ್ವೀಕರಿಸಬಹುದು. ಕನ್ನಡ ಬಾರದವನನ್ನು ಗದರಿಸಿದರೆ ಅವನಿಗೆ ಕನ್ನಡ ಬಾರದು, ನಮ್ಮ ಮೇಲೆ ಭಯ ಮಾತ್ರ ಬಂದೀತು. ಮುಂಬಯಿಯ ನಮ್ಮವರು ಮರಾಠಿಯನ್ನು ತರಕಾರಿಯ ಚೌಕಾಸಿಯಲ್ಲಿಯೂ ಮಕ್ಕಳ ಆಟದಲ್ಲಿಯೂ ಕಲಿತರು. ದಿನಕ್ಕೆ ಎರಡು ಮಾತುಗಳಂತೆ ಹೇಳಿಕೊಟ್ಟರೆ ನೆರೆಮನೆಯೇ ಪಾಠಶಾಲೆಯಾದೀತು.

ಇನ್ನು ಬಡಾವಣೆಯ ಸಂಘಗಳು. ಬಹಳ ಕಡೆ ಮನೆಯೊಡೆಯರಿಗೆ ಮಾತ್ರ ಸಭೆಯಲ್ಲಿ ಸ್ಥಾನ; ಬಾಡಿಗೆಯವರು ವಂತಿಗೆಯನ್ನು ಕೊಟ್ಟರೂ ಮಾತನಾಡುವಂತಿಲ್ಲ. ಹೊರನಾಡಿನವರಲ್ಲಿ ಬಾಡಿಗೆಯವರೇ ಹೆಚ್ಚಾದುದರಿಂದ, ಯಾರೂ ಬೇಕೆಂದು ಮಾಡದೆಯೇ ಅವರೆಲ್ಲ ಹೊರಗುಳಿಯುತ್ತಾರೆ. ಅವರಿಗೂ ಎರಡು ಸ್ಥಾನಗಳನ್ನಿಡುವುದಕ್ಕೆ ಖರ್ಚೇನೂ ಇಲ್ಲ. ಸಭೆಯನ್ನು ಭಾನುವಾರ ಬೆಳಗ್ಗೆ ಕರೆಯುವ ರೂಢಿಯಿದ್ದರೆ, ಕ್ರೈಸ್ತ ಕುಟುಂಬಗಳು ಆ ಹೊತ್ತಿನಲ್ಲಿ ಇಗರ್ಜಿಯಲ್ಲಿರುತ್ತವೆಂಬುದನ್ನು ನೆನೆದು, ಸಂಜೆ ಐದಕ್ಕೆ ಬದಲಾಯಿಸಬಹುದು.